ಹಪ್ಪಳದ ಮೇಲೆ ತೂಗಿದ ಹಾಡು

ಮದುವೆಯಾಗಿ ಅಜ್ಜಾವರದ ಈ ಮನೆಗೆ ಬಂದ ವಾರವೇ ನಮ್ಮವರು ಒಂದು ಸಿಡಿ ಹಾಕಿ, ನನ್ನನ್ನು ಎರಡು ಸ್ಪೀಕರುಗಳ ನಡುವೆ ಕೂರಿಸಿದ್ದರು. ಪ್ರೋಗ್ರೆಸ್ಸಿವ್ ಮೆಟಲ್ ಅಂತೆ, ಗಿಟಾರು ಗುಡುಗುವ ಇಂಗ್ಲಿಷ್ ಹಾಡು. ಮೊದಲು ಇಪ್ಪತ್ತು ನಿಮಿಷ ದಾಟುವ ಒಂದೇ ಹಾಡು. ಆಮೇಲೆ ಅದೇ ತಂಡದವರು ವೇದಿಕೆಯಲ್ಲಿ ಬೇರೆಯವರ ಹಾಡುಗಳನ್ನು ಹಾಡಿದ್ದು, ಜನರ ಕೇಕೆ, ಚಪ್ಪಾಳೆ ಸಮೇತ. ಪುತ್ತೂರಿನ ಕಾನ್ವೆಂಟಿನಲ್ಲಿ ನಾಲ್ಕು ಚರಣದ ಪ್ರಾರ್ಥನೆಗಳನ್ನಷ್ಟೇ ಹಾಡಿ ಗೊತ್ತಿದ್ದ ನಾನು ಏಳನೆಯ ನಿಮಿಷಕ್ಕೆ ಕೇಳಿಯೇ ಬಿಟ್ಟೆ: "ಇದು ಮುಗಿಯುದು ಯಾವಾಗ?"

"ಮುಗಿಯುದಕ್ಕೆ ಅರ್ಜೆಂಟ್ ಎಂತ ಮಾರಾಯ್ತಿ?"

ಅಷ್ಟರಲ್ಲಿ ಕುಕ್ಕರು ಕೂಗಿತು, ಎದ್ದು ಹೋದೆ. ಮುಂದೆ ಹದಿನೆಂಟು ವರ್ಷ ಹಾಗೆ ಎದ್ದು ಹೋಗುತ್ತಲೇ ಇದ್ದೆ. ಪ್ರತಿ ಭಾನುವಾರ ಆ ಹಾಡು ಗೋಡೆಯಾಚೆಯಿಂದ ಬಂದು ಕಾಯಿ ತುರಿಯುವ ಸದ್ದಿನೊಳಗೆ ಸೇರಿಕೊಳ್ಳುತ್ತಿತ್ತು. ಗಿಟಾರುಗಳೆಲ್ಲ ಗುಡುಗಿ ಸುಮ್ಮನಾಗಿ, ಪಿಯಾನೊ ಒಂದೇ ಉಳಿಯುವ ಜಾಗ ಬಂದಾಗ ನನ್ನ ಕೈ ತಾನಾಗಿ ನಿಧಾನವಾಗುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಹಿಟ್ಟಿನ ಧೂಳು ತೇಲುವುದನ್ನು ನೋಡುತ್ತಾ ನಿಂತುಬಿಡುತ್ತಿದ್ದೆ.

ಈ ಬೇಸಗೆಯಲ್ಲಿ ಅವರ ಎಡಗಿವಿ ಮಂದವಾಯಿತು, ಭಾನುವಾರದ ಹಾಡೂ ನಿಂತಿತು. ಒಳಗಿನ ಸಣ್ಣ ಎಲುಬು ಬಿಗಿದಿದೆ, ಆಪರೇಷನ್ ಮಾಡಿದರೆ ಸರಿಯಾದೀತು, ಅಪರೂಪಕ್ಕೆ ಈಗ ಕೇಳುವಷ್ಟೂ ಹೋಗಬಹುದು ಎಂದರು ಡಾಕ್ಟರು. ಆಸ್ಪತ್ರೆಗೆ ಹೊರಡುವ ಮುಂಚಿನ ದಿನ ಇವರು ಆ ಸಿಡಿಗಾಗಿ ಶೆಲ್ಫ್ ಎಲ್ಲ ಕೆದಕುತ್ತಿದ್ದರು.

"ಅದು ಮೊಬೈಲಿನಲ್ಲಿ ಸಿಗ್ತದಲ್ಲಾ?" ಎಂದೆ.

"ಅದಲ್ಲ, ಇದೇ ಬೇಕು. ಎರಡೂ ಕಿವಿಯಲ್ಲಿ ಒಂದು ಸಲ ಪೂರ್ತಿ ಕೇಳ್ಬೇಕು. ನೀನೂ ಕೂತ್ಕೋ, ಕೊನೆವರೆಗೆ."

ಸಿಡಿ ಮಾತ್ರ ಇಲ್ಲ. ನೀರು ಕುಡಿಯಲೆಂದು ಒಳಗೆ ಬಂದವಳು ಹಿತ್ತಲಿನ ಕಡೆ ನೋಡಿದೆ. ಅಲ್ಲಿ ಹಲಸಿನ ಹಪ್ಪಳ ಒಣಹಾಕಿದ ಚಾಪೆಗಳು. ಅವುಗಳ ಮೇಲೆ ಬಾಳೆನಾರಿನಲ್ಲಿ ನೇತಾಡುವ ನಾಲ್ಕು ಸಿಡಿಗಳು. ಗಾಳಿಗೆ ತಿರುಗಿದಾಗಲೆಲ್ಲ ಕಾಮನಬಿಲ್ಲಿನ ಚೂರುಗಳು ಹಪ್ಪಳದಿಂದ ಹಪ್ಪಳಕ್ಕೆ ಹಾರುತ್ತಿದ್ದವು. ಅಷ್ಟು ಚಂದವನ್ನು ನೋಡುತ್ತಾ ಒಂದು ಕ್ಷಣ ಹುಡುಕಾಟವನ್ನೇ ಮರೆತೆ.

"ಅತ್ತೆ, ಇದು ಎಲ್ಲಿಂದ ತೆಗೆದದ್ದು?"

"ಶೆಲ್ಫಿನಿಂದ. ಎಂತ ಈಗ? ಕಾಗೆ ಒಂದೂ ಹತ್ತಿರ ಬರ್ಲಿಲ್ಲ, ನೋಡು!"

ನನ್ನ ಹಿಂದೆಯೇ ಬಂದ ಇವರು ತಲೆ ಮೇಲೆ ಕೈ ಹೊತ್ತರು. "ಅಮ್ಮ, ಅದು ನನ್ನ ಹಾಡು!"

"ಹಾಡುದಾದ್ರೆ ಇಷ್ಟು ದಿನ ಯಾಕೆ ಸುಮ್ಮನೆ ಕೂತಿತ್ತು? ಇಲ್ಲಿ ಕೆಲಸ ಮಾಡ್ತಾ ಉಂಟು."

ನಾಲ್ಕರಲ್ಲಿ ಆ ಸಿಡಿಯನ್ನು ಬಿಚ್ಚಿ, ಸೆರಗಿನಿಂದ ಒರೆಸಿ ಹಾಕಿದೆವು. ಹಾಡು ಶುರುವಾಯಿತು. ಅವರು ಕಣ್ಣು ಮುಚ್ಚಿ ಕುಳಿತರು; ಎಡಗಿವಿಯ ಹಿಂದೆ ಅಂಗೈ. ಗುಡುಗು ಮುಗಿದು ಪಿಯಾನೊ ಬರಬೇಕು, ಬಂತು, ಎರಡು ಸ್ವರಕ್ಕೆ ಸಿಕ್ಕಿಹಾಕಿಕೊಂಡಿತು. ಟಿಕ್ ಟಿಕ್ ಟಿಕ್. ಮತ್ತೊಮ್ಮೆ ಹಾಕಿದರೂ ಅಲ್ಲೇ. ಅವರು ಕಣ್ಣು ತೆರೆಯಲಿಲ್ಲ, ಮುಖ ಮಾತ್ರ ಸಣ್ಣಗಾಯಿತು.

ನಾನು ಗುಂಡಿ ಒತ್ತಿ ಸಿಡಿ ನಿಲ್ಲಿಸಿದೆ. ಹಾಡು ಎಂದೂ ಕೂತು ಕೇಳದ ನನಗೆ ಅದರ ಮುಂದಿನ ತಿರುವು ಗೊತ್ತಿತ್ತು, ಅದರ ಮುಂದಿನದೂ. ಬಾಯಿ ಮುಚ್ಚಿಕೊಂಡೇ, ಕಾನ್ವೆಂಟಿನ ಗಾಯನ ತಂಡದಲ್ಲಿ ಎರಡನೆಯ ಸಾಲಿನವರು ಗುನುಗುವ ಹಾಗೆ, ಅವರ ಎಡಗಿವಿಯ ಹತ್ತಿರ ಬಾಗಿ ಗುನುಗಿದೆ. ಗಿಟಾರು ಮರಳುವ ಜಾಗಕ್ಕೆ ಬಂದಾಗ ನಿಲ್ಲಿಸಿ, ಸಿಡಿಯನ್ನು ಮುಂದಕ್ಕೆ ಓಡಿಸಿದೆ. ಸರಿಯಾಗಿ ಕೂಡಿಕೊಂಡಿತು.

"ನಿನಗೆ ಇದು ಹೇಗೆ ಗೊತ್ತುಂಟು?"

"ಅಡುಗೆಮನೆಗೆ ಬಾಗಿಲು ಇಲ್ಲವಲ್ಲಾ."

ಆ ಹಾಡು ಕೊನೆವರೆಗೆ ಹೋಗಿ ಮುಗಿಯಿತು. ಮುಂದಿನದು ವೇದಿಕೆಯ, ಬೇರೆಯವರ ಹಾಡುಗಳು. ಸಿಡಿಯೊಳಗಿನ ಜನ ಚಪ್ಪಾಳೆ ಹೊಡೆದರು. ಹೊರಗಿನಿಂದ ಅತ್ತೆ, "ಅಷ್ಟು ಚಪ್ಪಾಳೆ ಯಾರಿಗೆ?" ಎಂದರು.

"ನಿಮ್ಮ ಸೊಸೆಗೆ!" ಎಂದರು ಇವರು.

ಕುಕ್ಕರು ಕೂಗಿತು. ನಾನು ಏಳಲಿಲ್ಲ, ಒಲೆ ಆರಿಸಲು ಅತ್ತೆಯನ್ನೇ ಕೂಗಿದೆ.

ಆಪರೇಷನ್ ಆಗಿ ಕಿವಿಯ ಹತ್ತಿ ತೆಗೆದ ದಿನ ಅವರು ಸಿಡಿ ಕೇಳಲಿಲ್ಲ. ಬಲಗಿವಿಯನ್ನು ಬೆರಳಿನಿಂದ ಮುಚ್ಚಿ, ಗುನುಗು ಎಂದು ಸನ್ನೆ ಮಾಡಿದರು. ಗುನುಗಿದೆ.

"ಕೇಳ್ತದಾ?"

"ನೀರಿನ ಅಡಿಯಿಂದ ಬಂದ ಹಾಗೆ," ಎಂದರು. "ನಿಲ್ಲಿಸ್ಬೇಡ, ಬರ್ತಾ ಉಂಟು."