ಗಾಜಿನ ಬೀರುವಿನೊಳಗಿನ ಚೆಂಡು

ರಬ್ಬರ್ ಚೆಂಡಿನ ವಾಸನೆ ಮೂಗಿಗೆ ಬಡಿದರೆ ಶಿಲ್ಪಾ ಮುಖ ತಿರುಗಿಸುತ್ತಿದ್ದಳು. ಗೆಂಡೆಹಳ್ಳಿಯಲ್ಲಿ ಹುಟ್ಟಿ, ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಹೆಸರು ಮಾಡಿ, ಈಗ ಬೇಲೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಶಾಲೆಯಲ್ಲಿದ್ದ ರಬ್ಬರ್ ಚೆಂಡುಗಳೆಲ್ಲ ಸವೆದು ಬೋಳಾಗಿದ್ದವು. ಬಿಸಿಲೇರಿದರೆ ಅಂಟಂಟು, ಬೆಳಗಿನ ಮಂಜಿಗೆ ಜಾರುಜಾರು. ಆಡಿ ಬಂದ ಹುಡುಗಿಯರ ಅಂಗೈಗೆ ಮೆತ್ತಿದ ಕಪ್ಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಆ ವರ್ಷ ತಂಡವನ್ನು ಹಾಸನದ ಪಂದ್ಯಕ್ಕೆ ಕರೆದೊಯ್ದಳು. ಅಲ್ಲಿ ಕೊಟ್ಟದ್ದು ಸಿಂಥೆಟಿಕ್ ತೊಗಲಿನ ಚೆಂಡು; ಮೆತ್ತಗೆ, ಬೆರಳಿಗೆ ಕಚ್ಚಿಕೊಳ್ಳುವಂಥದ್ದು. ಗುರಿ ತಪ್ಪದ ಹುಡುಗಿಯೆಂದೇ ಹೆಸರಾದ ಸ್ವಾತಿಗೆ ಜಾರುವ ಚೆಂಡನ್ನು ಅದುಮಿ ಹಿಡಿದು ತಳ್ಳಿ ರೂಢಿ. ಈ ಚೆಂಡು ಅವಳ ಕೈಯಿಂದ ತಡವಾಗಿ ಬಿಟ್ಟುಕೊಂಡು, ರಿಂಗಿನ ಅಂಚಿಗೆ ಬಡಿದು ವಾಪಸು ಬರುತ್ತಿತ್ತು. ಎಸೆದದ್ದೆಲ್ಲ ಹಾಗೇ.

"ಮಿಸ್, ಈ ಬಾಲು ಕೈ ಬಿಡ್ತಾನೇ ಇಲ್ಲ. ನಂಗೆ ಶೂಟ್ ಮಾಡೋದೇ ಮರ್ತೋಗೈತೆ," ಎಂದು ಸ್ವಾತಿ ಅತ್ತಳು.

"ಏನೂ ಮರ್ತಿಲ್ಲ ಕಣೇ. ಆ ದರಿದ್ರ ರಬ್ಬರ್ ಬಾಲು ನಿನ್ ಕೈ ಕೆಡಿಸೈತೆ, ಅಷ್ಟೇ."

ಸೋತು ಬಂದ ಮರುದಿನ ಶಿಲ್ಪಾ ಹೆಡ್‌ಮಾಸ್ಟರ್ ಶಶಿಧರ್ ಅವರ ಕೋಣೆಗೆ ಹೋದಳು. ಅಲ್ಲಿನ ಧೂಳು ಮುಸುಕಿದ ಗಾಜಿನ ಬೀರುವಿನಲ್ಲಿ ಅಸಲಿ ತೊಗಲಿನ ಚೆಂಡೊಂದಿತ್ತು. ಅರಸೀಕೆರೆಯ ತೆಂಗಿನಕಾಯಿ ವ್ಯಾಪಾರಿ ಜಯದೇವಪ್ಪನವರು ಮಕ್ಕಳು ಆಡಲೆಂದು ಕೊಟ್ಟದ್ದು. ಶಶಿಧರ್ ಅವರಿಗೆ ಹಾರ ಹಾಕಿ ಫೋಟೋ ತೆಗೆಸಿ, ಚೆಂಡನ್ನು ಒಳಗಿಟ್ಟು ಬೀಗ ಜಡಿದಿದ್ದರು.

"ಸರ್, ಅದನ್ನ ಕೊಡಿ. ಹುಡುಗೀರು ಒಳ್ಳೆ ಬಾಲ್ ಮುಟ್ಟಿಯಾದ್ರೂ ನೋಡ್ಲಿ."

"ಬಂದೋರಿಗೆ ತೋರ್ಸಕ್ಕೆ ಇಟ್ಟಿರೋದು ಕಣಮ್ಮ ಅದು. ಬಾಲು ಯಾವ್ದಾದ್ರೇನು, ದುಂಡಗಿದ್ರೆ ಸಾಲ್ದಾ?" ಎನ್ನುತ್ತಲೇ ಅವರು ಬೇಸರದಿಂದ ಬೀಗದ ಕೈಯನ್ನು ಅವಳತ್ತ ಸರಿಸಿದರು.

ಬಾಗಿಲು ತೆಗೆದದ್ದೇ ಮುಗ್ಗಲು ವಾಸನೆ ಗಪ್ಪೆಂದು ಬಂತು. ಚೆಂಡಿನ ತುಂಬ ಬಿಳಿ ಬೂಷ್ಟು. ಅದರಡಿಯಲ್ಲಿ ಒಣಗಿದ ಹಲ್ಲಿ, ಜಿರಲೆಯ ಹಿಕ್ಕೆ. ಬೆರಳಿಟ್ಟು ಒತ್ತಿದರೆ ಹಳ್ಳ ಬಿದ್ದು ಹಾಗೇ ಉಳಿಯಿತು. ಒಂದು ದಿನವೂ ನೆಲ ಮುಟ್ಟದೆ ಕೊಳೆತುಹೋಗಿತ್ತು. ಶಿಲ್ಪಾ ಅದನ್ನು ತಂದು ಅವರ ಮೇಜಿನ ಮೇಲಿಟ್ಟಳು.

"ಥೂ, ತೆಗೀರಿ ಅತ್ಲಾಗೆ!"

"ಇದನ್ನೇ ಅಲ್ವಾ ಸರ್, ನೀವು ಬಂದೋರಿಗೆಲ್ಲ ತೋರಿಸ್ತಿದ್ದದ್ದು?"

ಮೂಗು ಮುಚ್ಚಿಕೊಂಡೇ ಆ ಚೆಂಡನ್ನು ಚೀಲಕ್ಕೆ ಹಾಕಿ ಅರಸೀಕೆರೆ ಬಸ್ಸು ಹತ್ತಿದಳು. ಜಯದೇವಪ್ಪನವರು ಚೀಲದೊಳಗೆ ನೋಡಿ ಮುಖ ಕಿವುಚಿದರು.

"ನಾನು ಕೊಟ್ಟಿದ್ದು ಆಡ್ಲಿ ಅಂತ ಕಣವ್ವ. ಬೇರೆ ಕೊಡಿಸ್ತೀನಿ ಬಿಡು."

"ತೊಗಲಿಂದು ಬೇಡಿ, ನಮ್ಮ ಸಿಮೆಂಟ್ ನೆಲಕ್ಕೆ ಕಿತ್ತೋಯ್ತದೆ. ಪಂದ್ಯದಲ್ಲಿ ಕೊಡೋ ಅಂಥದ್ದೇ ಕೊಡ್ಸಿ. ಹಾರ, ಫೋಟೋ ಏನೂ ಬೇಡ."

ಹೊಸ ಚೆಂಡು ಬಂದಮೇಲೂ ಸ್ವಾತಿಯ ಕೈ ತಕ್ಷಣ ಕೂರಲಿಲ್ಲ. ಅದುಮುವುದನ್ನು ಬಿಟ್ಟು ಬೆರಳ ತುದಿಯಿಂದ ಬಿಡುವುದನ್ನು ಮೊದಲಿಂದ ಕಲಿಯಬೇಕಾಯಿತು. ಮರುವರ್ಷ ಹಾಸನದಲ್ಲಿ ತಂಡ ಎರಡನೇ ಪಂದ್ಯಕ್ಕೇ ಸೋತಿತು. ಆದರೆ ಸ್ವಾತಿ ಎಸೆದದ್ದು ಬಹುಪಾಲು ಬುಟ್ಟಿಗೆ ಬಿತ್ತು.

ನೋಡಲು ಬಂದಿದ್ದ ಶಶಿಧರ್ ಪಕ್ಕದವರಿಗೆ, "ಮೆಟೀರಿಯಲ್ ಚೆನ್ನಾಗಿರ್ಬೇಕು ಅಂತ ನಾನು ಮೊದ್ಲಿಂದ್ಲೂ ಹೇಳ್ತಿದ್ದೆ," ಎನ್ನುತ್ತಿದ್ದರು. ಶಿಲ್ಪಾಗೆ ಜಗಳವಾಡಲೂ ಹೇಸಿಗೆಯೆನಿಸಿತು. ಹುಡುಗಿಯರನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.