ತಟ್ಟೆಯಲ್ಲಿ ಉಳಿದದ್ದು

ನಮ್ಮ ಮನೆಯಲ್ಲಿ ಊಟವಾದ ಮೇಲೆ ತಟ್ಟೆ ತೊಳೆದು ಆ ನೀರನ್ನು ಕುಡಿಯುತ್ತಿದ್ದೆವು. ಬೆರಳಲ್ಲಿ ತಟ್ಟೆಯನ್ನು ಬಳಿದು, ಒಂದಿಷ್ಟು ನೀರು ಹಾಕಿ, ಸುತ್ತ ತಿರುಗಿಸಿ, ಎರಡೂ ಕೈಯಲ್ಲಿ ಎತ್ತಿ ಕುಡಿದರೆ ಅಲ್ಲಿಗೆ ಊಟ ಮುಗಿಯಿತು. ಪೂಜೆ ಮಾಡಿ ಉಣ್ಣುವ ಅನ್ನ ಪ್ರಸಾದ, ಪ್ರಸಾದದ ಒಂದು ಅಗುಳೂ ಚೆಲ್ಲಬಾರದು ಎಂಬುದು ಮಠಕ್ಕೆ ನಡೆದುಕೊಳ್ಳುವ ನಮ್ಮಂಥ ಮನೆಗಳ ರೂಢಿ. ಶಾಲೆಯ ಗೆಳತಿಯೊಬ್ಬಳು ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ ಅಪ್ಪ ಹೀಗೆ ಕುಡಿಯುವುದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ್ದಳು. ನನಗೆ ಅವಳ ಆಶ್ಚರ್ಯವೇ ಆಶ್ಚರ್ಯವಾಗಿತ್ತು.

ಅಪ್ಪನದು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ನನ್ನ ಪರೀಕ್ಷೆಯ ಅಂಕ ಎಷ್ಟು ಎಂದು ಅವರು ಯಾವತ್ತೂ ಕೇಳಿದವರಲ್ಲ. ಆದರೆ ತಿಪಟೂರಿನ ಕಡೆಯಿಂದ ವ್ಯಾಪಾರಸ್ಥರು ಬಂದು ಊಟಕ್ಕೆ ಕೂತರೆ ನನ್ನ ತಟ್ಟೆ ತೋರಿಸಿ, "ನೋಡ್ರೀ, ನನ್ ಮಗಳು ಒಂದು ಅಗುಳು ಬಿಡಲ್ಲ ಕಣ್ರೀ" ಎನ್ನುತ್ತಿದ್ದರು. ಅದನ್ನು ಕೇಳಿ ನಾನು ಉಬ್ಬಿ ಹೋಗುತ್ತಿದ್ದೆ. ಬಿಡದಿರುವುದು ನನ್ನ ಕೈಯಲ್ಲಿತ್ತು, ಸರಿ. ಎಷ್ಟು ಬೀಳುತ್ತದೆ ಎಂಬುದು ಮಾತ್ರ ಅವ್ವನ ಕೈಯಲ್ಲಿತ್ತು. ಅವ್ವನ ಕೈ ದೊಡ್ಡದು. "ಸಾಕು" ಎಂದರೆ ಅವಳ ಕಿವಿಗೆ ಅದು ನಾಚಿಕೆಯ ಮಾತಾಗಿ ಕೇಳುತ್ತಿತ್ತು, ಬೇಡವೆಂದು ಅಡ್ಡ ಹಿಡಿದ ಕೈಯ ಸಂದಿಯಿಂದಲೇ ಇನ್ನೊಂದು ಸೌಟು ಸುರಿಯುತ್ತಿದ್ದಳು. ಬಿದ್ದದ್ದನ್ನು ಬಿಡುವ ಹಾಗಿಲ್ಲ. ಮುದ್ದೆಯ ಮೇಲೆ ತುಪ್ಪ, ಅನ್ನದ ಮೇಲೆ ತುಪ್ಪ, ಸ್ಕೂಲಿಗೆ ಹೊರಟರೆ ಲಂಗದ ಜೇಬಿನಲ್ಲಿ ಕೊಬ್ಬರಿ ಬೆಲ್ಲ. ಹೀಗೆ ಬೆಳೆದೆ.

ನಾನು ದಪ್ಪಗಿದ್ದದ್ದು ಮನೆಯಲ್ಲಿ ಯಾರಿಗೂ ಕೊರತೆಯಾಗಿ ಕಾಣಲಿಲ್ಲ. ಮಂಡಿಯ ಹಮಾಲರು ತಮಾಷೆಗೆಂದು ನನ್ನನ್ನು ದೊಡ್ಡ ತಕ್ಕಡಿಯಲ್ಲಿ ಕೂರಿಸಿ ಇನ್ನೊಂದು ಕಡೆ ಕೊಬ್ಬರಿ ಚೀಲ ಇಡುತ್ತಿದ್ದರು. ಚೀಲ ಮೇಲೆದ್ದರೆ ಎಲ್ಲರೂ ಹೋ ಎಂದು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು. ಉಂಡು ತಿಂದು ಇರುವ ಮನೆಯ ಮಗು ಹೀಗೇ ಇರಬೇಕು ಎಂದು ಅವರ ಲೆಕ್ಕ.

ಆ ನಗು ಬೇರೆ ಥರ ಕೇಳಿಸತೊಡಗಿದ್ದು ತೊಂಬತ್ತರ ದಶಕದಲ್ಲಿ, ಗಂಡಿನ ಕಡೆಯವರು ನನ್ನನ್ನು ನೋಡಲು ಬರತೊಡಗಿದ ಮೇಲೆ. ಬರುತ್ತಿದ್ದರು, ಉಪ್ಪಿಟ್ಟು ಕೇಸರಿಬಾತು ತಿನ್ನುತ್ತಿದ್ದರು, ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುತ್ತಿದ್ದರು. ಹಾರನಹಳ್ಳಿಯ ಕಡೆಯ ಒಬ್ಬ ಹೆಂಗಸು ನಮ್ಮ ಹಜಾರದಲ್ಲೇ, ನನಗೆ ಕೇಳುವ ಹಾಗೆ, "ಹುಡುಗಿ ಸ್ವಲ್ಪ ಜಾಸ್ತಿನೇ ಆಯ್ತು" ಎಂದಳು. ಬಟ್ಟೆ ಅಳೆಯುವವರ ಮಾತಿನಂತೆ. ಅವರು ಹೋದ ಮೇಲೆ ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತೆ. ಅವರಿಗೆಂದು ಮಾಡಿದ್ದ ಕೇಸರಿಬಾತು ಉಳಿದಿತ್ತಲ್ಲ, ಅವ್ವ ಅದನ್ನು ತಟ್ಟೆಗೆ ಹಾಕಿ ನನ್ನ ಮುಂದಿಟ್ಟಳು. "ತಿನ್ನು ಕಣೇ. ಅವರಿಗೆ ಪುಣ್ಯ ಇಲ್ಲ, ಬಿಡು" ಎಂದಳು. ತಿಂದೆ. ತಿಂದ ಮೇಲೆ ನಿಜವಾಗಿಯೂ ಸಮಾಧಾನವಾಯಿತು. ನನ್ನ ಕಷ್ಟವೆಲ್ಲ ಇರುವುದು ಅಲ್ಲೇ ಎಂದು ಆಗ ತಿಳಿಯಲಿಲ್ಲ.

ಮದುವೆಯ ಮಾತು ತಾನಾಗಿ ನಿಂತಿತು. ನನಗೆ ಬೇಲೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಕೆಲಸ ಸಿಕ್ಕಿತು. ಅಪ್ಪ ಒಂದು ಬೆಳಿಗ್ಗೆ ಮಂಡಿಯ ಗಾದಿಯ ಮೇಲೆ ಕೂತವರು ಹಾಗೇ ಒರಗಿದರು. ಹೃದಯ ನಿಂತಿತ್ತು. ಡಾಕ್ಟರು ಅವರ ಮೈಯನ್ನೇ ದೂರಿದರು, ನಮ್ಮ ನೆಂಟರು ಯಾರದ್ದೋ ಕೆಟ್ಟ ಕಣ್ಣನ್ನು ದೂರಿದರು. ಮಂಡಿ ಚಿಕ್ಕಪ್ಪನ ಕೈಗೆ ಹೋಯಿತು, ಅವ್ವ ನನ್ನ ಜೊತೆ ಬೇಲೂರಿಗೆ ಬಂದಳು. ಅಷ್ಟು ಹೊತ್ತಿಗೆ ನಾನು ತರಗತಿಯಲ್ಲಿ ನಿಂತು ಪಾಠ ಮಾಡಲಾಗದ ಸ್ಥಿತಿಗೆ ಬಂದಿದ್ದೆ. ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ, ಜಾಗವಿದ್ದರೆ ತಾನೇ ಕೂರುವುದು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದೆ. ಅಪ್ಪನ ಹಾಗೆಯೇ ಹೋಗುತ್ತೇನೆ ಎಂಬ ಭಯ ಹತ್ತಿತು.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡುತ್ತಾರೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಆಗಿನ್ನೂ ಅದು ಹೊಸತು, ಕೇಳಿದವರು ಗಾಬರಿಯಾಗುತ್ತಿದ್ದರು. ಡಾಕ್ಟರು, "ನಿಮ್ಮ ಮನೆಯಲ್ಲಿ ಇನ್ಯಾರು ದಪ್ಪ ಇದ್ದಾರೆ?" ಎಂದು ಕೇಳಿದರು. "ಗೋಡೆ ಮೇಲಿನ ಫೋಟೋದಲ್ಲಿರುವವರೂ ದಪ್ಪ ಸಾರ್" ಎಂದೆ. ಅವರು ನಗಲಿಲ್ಲ. ರಕ್ತದಲ್ಲೂ ಬರುತ್ತದೆ, ಅಡುಗೆಮನೆಯಲ್ಲೂ ಬರುತ್ತದೆ, ತಾವು ಆಪರೇಷನ್ ಮಾಡುವುದು ಹೊಟ್ಟೆಗೆ ಮಾತ್ರ ಎಂದರು. ಪಕ್ಕದಲ್ಲಿ ಕೂತಿದ್ದ ಅವ್ವ, "ಅಡುಗೆಮನೆ" ಎಂಬ ಮಾತು ಕೇಳಿ ಮುಖ ಬೇರೆ ಕಡೆ ತಿರುಗಿಸಿದಳು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಶುರುವಾಯಿತು ನಮ್ಮಿಬ್ಬರ ಪಾಡು. ಮೊದಲ ದಿನಗಳಲ್ಲಿ ತೆಳ್ಳಗಿರುವುದನ್ನು ಮಾತ್ರ ಕುಡಿಯಬೇಕು ಎಂದಿದ್ದರು. ಅವ್ವ ಬೇಳೆ ಕಟ್ಟು ಸೋಸಿ ಕೊಟ್ಟಳು, ಗಂಜಿ ತಿಳಿ ಕೊಟ್ಟಳು. ಒಂದು ದಿನ ಮಾತ್ರ ತಡೆಯಲಾಗದೆ ಕಾಯಿ ಹಾಲಿಗೆ ಬೆಲ್ಲ ಹಾಕಿ ಲೋಟ ತುಂಬ ತಂದಳು. ಎರಡು ಗುಟುಕಿಗೆ ನನ್ನ ಎದೆ ಡವಡವ ಹೊಡೆದುಕೊಂಡಿತು, ಮೈಯೆಲ್ಲ ಬೆವರು, ಕಣ್ಣು ಕತ್ತಲೆ. ಸಿಹಿ ಆ ಚಿಕ್ಕ ಹೊಟ್ಟೆಯಿಂದ ನೇರ ಕರುಳಿಗೆ ಧುಮುಕಿದರೆ ಹಾಗಾಗುತ್ತದಂತೆ. "ತೆಳ್ಳಗೇ ಐತಲ್ಲೇ, ತೆಳ್ಳಗಿರೋದು ತಾನೇ ಡಾಕ್ಟ್ರು ಹೇಳಿದ್ದು" ಎಂದು ಅವ್ವ ಬಾಯಿ ಬಡಿದುಕೊಂಡಳು. ನೆಲದ ಮೇಲೆ ಬಿದ್ದುಕೊಂಡೇ ನನಗೆ ನಗು ಬಂತು.

ಗಟ್ಟಿ ಊಟಕ್ಕೆ ಬಂದ ದಿನ ಎಡವಟ್ಟು ನನ್ನದೇ. ನಾಲ್ಕು ಚಮಚ ಮೆತ್ತಗಿನ ಅನ್ನ, ಚೆನ್ನಾಗಿ ಅಗಿದು ಉಂಡೆ. ಊಟದ ಜೊತೆ ನೀರು ಕುಡಿಯಲೇಬಾರದು ಎಂದು ಡಾಕ್ಟರು ಒತ್ತಿ ಒತ್ತಿ ಹೇಳಿದ್ದರು. ಆದರೆ ಉಂಡ ಮೇಲೆ ಕೈ ತಾನಾಗಿ ಚೊಂಬಿನ ಕಡೆ ಹೋಯಿತು. ತಟ್ಟೆಗೆ ನೀರು ಹಾಕಿದೆ, ತಿರುಗಿಸಿದೆ, ಎತ್ತಿ ಕುಡಿದೇಬಿಟ್ಟೆ. ತಿಂದದ್ದೆಲ್ಲ ಬಂದ ದಾರಿಯಲ್ಲೇ ವಾಪಸು ಬಂತು. ಹುಟ್ಟಿನಿಂದ ಬಂದ ಆಚಾರವನ್ನು ನನ್ನ ಹೊಸ ಹೊಟ್ಟೆ ಒಪ್ಪಲಿಲ್ಲ. ಅಂದಿನಿಂದ ಎರಡೂ ನಿಂತವು. ತಟ್ಟೆ ತೊಳೆದು ಕುಡಿಯುವುದೂ ಇಲ್ಲ, ತಟ್ಟೆ ಖಾಲಿ ಮಾಡುವುದೂ ಇಲ್ಲ. ಅವ್ವ ಮೊದಲಿನ ಹಾಗೆಯೇ ಬಡಿಸುತ್ತಿದ್ದಳು, ನಾನು ನಾಲ್ಕು ತುತ್ತು ಉಂಡು ತಟ್ಟೆ ಸರಿಸಿ ಏಳುತ್ತಿದ್ದೆ. ಮೊದಮೊದಲು ಹಾಗೆ ಎದ್ದಾಗ ಕಳ್ಳತನ ಮಾಡಿದಂತೆ ಅನ್ನಿಸುತ್ತಿತ್ತು. ಅವ್ವ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಒಳಗೆ ಒಯ್ಯುತ್ತಿದ್ದಳು. ಪಕ್ಕದ ಮನೆಯಲ್ಲಿ ಹಸುವಿತ್ತು, ಅದಕ್ಕೆ ಹೋಗುತ್ತದೆ ಎಂದುಕೊಂಡೆ.

ಮುಂದಿನ ಒಂದು ವರ್ಷ ನನಗೆ ನನ್ನ ಮೈಯದೇ ಧ್ಯಾನ. ತಿಂಗಳಿಂದ ತಿಂಗಳಿಗೆ ಇಳಿದೆ. ಬಳೆ ಕೈಯಿಂದ ತಾನಾಗಿ ಜಾರಿ ಬೀಳುತ್ತಿತ್ತು. ರವಿಕೆ ಹೊಲಿಯುವವಳು ಹೊಲಿಗೆ ಹಿಡಿದು ಹಿಡಿದು ಸಾಕಾಗಿ, "ಹೊಸದೇ ಹೊಲಿಸಿಬಿಡಿ ಮೇಡಂ" ಎಂದಳು. ಕೂದಲು ಮುಷ್ಟಿ ಮುಷ್ಟಿ ಉದುರಿತು, ತೋಳಿನ ಚರ್ಮ ಜೋತುಬಿತ್ತು. ಅರಸೀಕೆರೆಗೆ ಹೋದಾಗ ಪರಿಚಯದವರು ಪೇಟೆಯಲ್ಲಿ ನಿಲ್ಲಿಸಿ ದನಿ ತಗ್ಗಿಸಿ, "ಏನಮ್ಮಾ, ಸಕ್ಕರೆ ಕಾಯಿಲೆನಾ?" ಎನ್ನುತ್ತಿದ್ದರು. ದಪ್ಪಗಿದ್ದಾಗ ನಕ್ಕವರೇ ಈಗ ಅಯ್ಯೋ ಎಂದರೆ ಮೈ ಉರಿಯದೆ ಇರುತ್ತದೆಯೇ? ಆದರೂ ಮೆಟ್ಟಿಲು ಹತ್ತಿ ಮೊದಲ ಮಹಡಿಯ ತರಗತಿಗೆ ಹೋದಾಗ ಏದುಸಿರು ಬರಲಿಲ್ಲ. ಅಂದು ಹೊಯ್ಸಳರ ಪಾಠ ಎರಡು ಗಂಟೆ ನಿಂತೇ ಮಾಡಿದೆ. ಮಕ್ಕಳಿಗೆ ಸಾಕಾಗಿ ಹೋಗಿತ್ತು, ನನಗೆ ಖುಷಿಯೋ ಖುಷಿ.

ಅದೇ ಹುಮ್ಮಸ್ಸಿನಲ್ಲಿ ಒಂದು ಭಾನುವಾರ ಅವ್ವನನ್ನು ಹಳೇಬೀಡಿಗೆ ಕರೆದುಕೊಂಡು ಹೋದೆ. ಬಸ್ತಿಹಳ್ಳಿಯ ಬಸದಿ ನೋಡಿಕೊಂಡು ಒಂದು ಟೆಂಪೋ ಹಿಡಿದು ಹುಲಿಕೆರೆಗೆ ಹೋದೆವು. ಅಲ್ಲಿಯ ಕಲ್ಲಿನ ಕಲ್ಯಾಣಿಯ ಬಗ್ಗೆ ವರ್ಷಗಳಿಂದ ಪಾಠ ಮಾಡಿದ್ದೆ, ಮೆಟ್ಟಿಲಿಳಿದು ನೀರು ಮುಟ್ಟಿರಲಿಲ್ಲ. ಅಂದು ಇಳಿದೆ. ನೀರಿನಲ್ಲಿ ಕೈ ಅದ್ದಿ, ಸುತ್ತಲಿನ ಪುಟ್ಟ ಗುಡಿಗಳನ್ನು ನೋಡಿ, "ಅವ್ವಾ, ಬಾರೇ!" ಎಂದು ಕೂಗಿ ಮೇಲೆ ನೋಡಿದೆ. ಅವ್ವ ಅಂಚಿನ ಕಲ್ಲಿನ ಮೇಲೆ ಕಾಲು ಅಗಲಿಸಿ ಕೂತಿದ್ದಳು. ರಸ್ತೆಯಿಂದ ಅಲ್ಲಿಗೆ ನಡೆದದ್ದಕ್ಕೇ ಬಾಯಿ ತೆರೆದು ಉಸಿರಾಡುತ್ತಿದ್ದಳು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು. ಆಗಲ್ಲ ಎಂದು ಕೈಯಾಡಿಸಿದಳು. ಅಷ್ಟು ದೂರದಿಂದ ನೋಡಿದಾಗಲೇ ನನಗೆ ಅವ್ವ ಎಷ್ಟು ಊದಿದ್ದಾಳೆ ಎಂದು ಕಂಡದ್ದು. ಒಂದೇ ಮನೆಯಲ್ಲಿದ್ದೂ ಕಂಡಿರಲಿಲ್ಲ.

ಮಾರನೆಯ ದಿನ ಕಾಲೇಜಿಗೆ ಹೊರಟವಳು ಕನ್ನಡಕ ಮರೆತು ಅರ್ಧ ದಾರಿಯಿಂದ ಹಿಂತಿರುಗಿದೆ. ಅವ್ವ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಅವಳ ಊಟದ ತಟ್ಟೆ ಬರಿದಾಗಿ ಪಕ್ಕದಲ್ಲಿತ್ತು. ಮುಂದೆ ನಾನು ಬಿಟ್ಟು ಹೋಗಿದ್ದ ತಟ್ಟೆ. ಅದರಲ್ಲಿದ್ದ ಮುಕ್ಕಾಲು ಮುದ್ದೆಯನ್ನು, ಸಾರನ್ನು, ಪಲ್ಯವನ್ನು ಬೇಗಬೇಗ ಮುಗಿಸಿ, ನೀರು ಹಾಕಿ ತಿರುಗಿಸಿ ಕುಡಿದಳು. ಬಾಗಿಲಲ್ಲಿ ನನ್ನನ್ನು ಕಂಡಾಗ ತಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು.

"ಅವ್ವಾ, ಅದು ಹಸುವಿಗೆ ಅಲ್ವಾ?" ಎಂದೆ.

"ಪ್ರಸಾದ ಕಣೇ. ಎಂಜಲಾದ್ರೂ ಮಗಳದು. ಹಸು ಮುಂದೆ ಸುರೀಲಾ, ಬೀದೀಗೆ ಎಸೀಲಾ?"

ಒಂದು ವರ್ಷದಿಂದ, ಹೊತ್ತು ಹೊತ್ತಿಗೂ, ನಾನು ಬಿಟ್ಟದ್ದೆಲ್ಲ ಅವಳ ಹೊಟ್ಟೆಗೆ ಹೋಗಿತ್ತು. ನಾನು ಇಳಿದದ್ದನ್ನು ಅವಳು ಹೊತ್ತುಕೊಂಡಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರೆ ಕಮ್ಮಿ ಬಡಿಸು! ನಾನು ಉಣ್ಣೋದು ನಾಲ್ಕು ತುತ್ತು ಅಂತ ಗೊತ್ತಲ್ಲ" ಎಂದು ಕಿರುಚಿದೆ.

"ಕೈ ಬರಲ್ಲ ಕಣೇ" ಎಂದಳು ಅವ್ವ. "ತಟ್ಟೇಲಿ ಅಷ್ಟೇ ಅಷ್ಟು ಹಾಕಿ ನಿನ್ ಮುಂದೆ ಹೆಂಗಿಡ್ಲಿ? ಭಿಕ್ಷೆ ಹಾಕ್ದಂಗೆ ಕಾಣ್ತೈತೆ."

ಅವಳನ್ನು ಎಳೆದುಕೊಂಡೇ ಡಾಕ್ಟರ ಹತ್ತಿರ ಹೋದೆ. ಸಕ್ಕರೆ ಏರಿತ್ತು, ರಕ್ತದೊತ್ತಡವೂ ಇತ್ತು, ಹೃದಯಕ್ಕೆ ಭಾರವಾಗುತ್ತಿದೆ ಎಂದರು. ಅಪ್ಪ ಹೋದಾಗ ಕೇಳಿದ್ದ ಮಾತುಗಳೇ. ಈ ವಯಸ್ಸಿಗೆ ಆಪರೇಷನ್ ಬೇಡ, ಊಟ ಹಿಡಿತದಲ್ಲಿಡಿ ಎಂದರು. ಅವ್ವ ಹೋಗಿಬಿಟ್ಟರೆ ನನಗೆ ಯಾರಿದ್ದಾರೆ? ಬಸ್ಸಿನಲ್ಲಿ ಬರುವಾಗ, "ಇವತ್ತಿಂದ ನಾನೇ ಬಡಿಸ್ತೀನಿ, ಇಬ್ಬರೂ ಒಟ್ಟಿಗೆ ಕೂತು ಉಣ್ಣೋಣ" ಎಂದೆ.

"ಬಡಿಸ್ಕೊಂಡು ಕೂತ್ಕಳಾಕೆ ನಾನೇನು ನೆಂಟ್ರಾ?" ಎಂದಳು. ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ ಸೌಟು ಹಿಡಿದುಕೊಂಡಳು. ಆ ವಾರವೆಲ್ಲ ನಮ್ಮಿಬ್ಬರಿಗೂ ಮಾತಿಲ್ಲ. ನಾನು ಅಡುಗೆಮನೆಗೆ ನುಗ್ಗಿ ನನಗೆ ನಾನೇ ಹಾಕಿಕೊಳ್ಳುತ್ತಿದ್ದೆ, ನಾಲ್ಕೇ ತುತ್ತು, ಏನೂ ಉಳಿಯದ ಹಾಗೆ. ಅವ್ವ ಗೋಡೆ ನೋಡುತ್ತ ನಿಂತಿರುತ್ತಿದ್ದಳು. ಅವಳ ಕೆಲಸವನ್ನೇ ಕಿತ್ತುಕೊಂಡಿದ್ದೆ. ನನಗೂ ಅಳು ಬರುತ್ತಿತ್ತು, ಆದರೆ ಬಿಡಲಿಲ್ಲ.

ಆಮೇಲೊಂದು ಮಧ್ಯಾಹ್ನ ನಾನು ತಟ್ಟೆ ಹಾಕಿಕೊಂಡು ಕೂತಿದ್ದೆ. ಅವ್ವ ಮುದ್ದೆಯ ಪಾತ್ರೆ, ಸಾರಿನ ಪಾತ್ರೆ ತಂದು ನನ್ನ ಪಕ್ಕ ಇಟ್ಟಳು. ಗೋಡೆ ಹಿಡಿದು ನಿಧಾನವಾಗಿ ನನ್ನ ಎದುರು ಕೂತಳು. ತನ್ನ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

"ತಗಾ, ನೀನೇ ಬಡಿಸು. ನಂಗೆ ಎಷ್ಟು ಬೇಕು ಅಂತ ನಂಗೇ ಗೊತ್ತಿಲ್ಲ. ನಿಮ್ಮಪ್ಪ, ಮಂಡಿಗೆ ಬಂದೋರು, ನೀನು, ಎಲ್ರೂ ಉಂಡ ಮ್ಯಾಲೆ ಏನು ಉಳೀತೋ ಅದೇ ನನ್ನೂಟ. ಒಂದಿನ ಪಾತ್ರೆ ತುಂಬ ಇರೋದು, ಅಷ್ಟೂ ಉಣ್ಣೋಳು. ಒಂದಿನ ಏನೂ ಇರ್ತಿರ್ಲಿಲ್ಲ, ನೀರು ಕುಡಿದು ಮಲಗೋಳು. ಈಗ ಡಾಕ್ಟ್ರು ಅಳತೆ ಅಂತಾರೆ. ನಾನು ಎಲ್ಲಿಂದ ತರ್ಲಿ ಅಳತೆ?"

ಅರ್ಧ ಮುದ್ದೆ, ಒಂದು ಸೌಟು ಸಾರು, ಸೊಪ್ಪಿನ ಪಲ್ಯ ಹಾಕಿ, ಪಾತ್ರೆಗೆ ಮುಚ್ಚಳ ಮುಚ್ಚಿದೆ. ಅವ್ವ ಉಂಡಳು. ಯಾರಾದರೂ ನೋಡುತ್ತಿರುವಾಗ ಉಂಡು ಅಭ್ಯಾಸವಿಲ್ಲದ ಅವಳಿಗೆ ಸಂಕೋಚ, ಸೆರಗನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದಳು. ತಟ್ಟೆ ಖಾಲಿಯಾಯಿತು. ನೀರಿನ ಚೊಂಬಿಗೆ ಕೈ ಹಾಕಲಿಲ್ಲ. ತಲೆ ತಗ್ಗಿಸಿಕೊಂಡೇ, ಬೇರೆಯವರ ಮನೆಯಲ್ಲಿ ಕೇಳುವವಳ ಹಾಗೆ, ಸಣ್ಣ ದನಿಯಲ್ಲಿ ಹೇಳಿದಳು:

"ಇನ್ನೊಂಚೂರು ಹಾಕ್ತೀಯಾ? ನಂಗಿನ್ನೂ ಹಸಿವೈತೆ."

ನಲವತ್ತರ ಹತ್ತಿರ ಬಂದಿದ್ದ ನಾನು, ಅವ್ವ ತನಗೆ ಹಸಿವು ಎಂದು ಹೇಳಿದ್ದನ್ನು ಕೇಳಿದ್ದು ಅಂದೇ ಮೊದಲು. ಮುಚ್ಚಳ ತೆಗೆದು ಬಡಿಸಿದೆ.