ಅಪ್ಪ ಅಂದುಕೊಂಡ ನಾಲ್ಕು

ಆಗಿನ್ನೂ ನಮ್ಮ ಮನೆಯಲ್ಲಿ ಕುರಿಗಳಿದ್ದವು. ನಾನು ಏಳನೇ ಕ್ಲಾಸು. ಚಿಪ್ಪಗಿರಿ ಕಡೆ ಶೇಂಗಾ ಕಿತ್ತು ಮುಗಿದ ಹೊಲಗಳಲ್ಲಿ ಅಪ್ಪ ಕುರಿ ಮೇಯಿಸುತ್ತಿದ್ದ. ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲಿಗೇ ಓಡುತ್ತಿದ್ದೆ. ಮಣ್ಣಲ್ಲಿ ಉಳಿದ ಶೇಂಗಾ ಆರಿಸಿ, ಒಣ ಬಳ್ಳಿಯ ಬೆಂಕಿಯಲ್ಲಿ ಸುಟ್ಟು ತಿನ್ನುತ್ತಿದ್ದೆವು. ಕೈಯೆಲ್ಲ ಮಸಿ. ತಿನ್ನುತ್ತಲೇ ಅಪ್ಪ ದಿನಕ್ಕೊಂದು ಲೆಕ್ಕ ಕೇಳುತ್ತಿದ್ದ. ಅವನಿಗೆ ಓದು ಬರಹ ಬರುತ್ತಿರಲಿಲ್ಲ.

ಕೊನೆಯ ಸಂಜೆ ಕೇಳಿದ್ದು ಇದು.

"ಒಂದು ಹಿಂಡೈತಿ. ಅದರರ್ಧ ಮತ್ತ ಬಂದು ಕೂಡಿದ್ವು. ಮೊದಲಿನ ಹಿಂಡಿನ ಕಾಲು ಭಾಗ ಇನ್ನೂ ಬಂದ್ವು. ಈಗ ಅರವತ್ಮೂರು. ಮೊದಲು ಎಷ್ಟಿದ್ವು ಹೇಳವ್ವಾ?"

"ಐವತ್ತು?"

"ಐವತ್ತಕ್ಕ ಕಾಲು ಭಾಗ ಹೆಂಗ ಮಾಡ್ತಿ? ಕುರಿ ಕೊಯ್ತಿಯೇನು?"

ನಾನು ನಕ್ಕೆ. ಅಪ್ಪ ನಾಲ್ಕು ಶೇಂಗಾ ಇಟ್ಟ.

"ನಾಕು ಅನ್ಕೋ. ಅರ್ಧ ಎರಡು, ಕಾಲು ಒಂದು. ಎಲ್ಲಾ ಕೂಡಿ ಏಳು. ನಮಗ ಅರವತ್ಮೂರು ಬೇಕು. ಏಳು ಎಷ್ಟು ಸಲ?"

"ಒಂಬತ್ತು."

"ಹಂಗಾದ್ರ ನಾಕೂ ಒಂಬತ್ತು ಸಲ."

"ಮೂವತ್ತಾರು!"

"ಸರೇ, ಈಗ ಕುರಿ ಹೊಡಿ."

ಮರುದಿನ ಕ್ಲಾಸಿನಲ್ಲಿ ಪರೀಕ್ಷೆ. ಅಂಥದ್ದೇ ಒಂದು ಲೆಕ್ಕ ಬಂತು. ಎಕ್ಸ್ ಎಂದು ಹಿಡಿದು ಬಿಡಿಸಬೇಕಿತ್ತು. ನಾನು ಅಪ್ಪನ ದಾರಿಯಲ್ಲಿ ಬರೆದೆ.

"ಉತ್ತರ ಸರಿ ಐತಿ," ಅಂದರು ಸಾರು. "ಈ ನಾಕು ಎಲ್ಲಿಂದ ಬಂತಮ್ಮಾ? ಲೆಕ್ಕದಾಗ ಇಲ್ಲೇ ಇಲ್ಲಲ್ಲ?"

"ನಮ್ಮಪ್ಪ ಹಂಗೇ ಅನ್ಕೋತಾನ್ರಿ."

"ಕುರಿ ಲೆಕ್ಕ ಸಾರ್!" ಎಂದು ಹಿಂದಿನ ಬೆಂಚಿನಿಂದ ಕೂಗು ಬಂತು. ಎಲ್ಲರೂ ನಕ್ಕರು. ಸೊನ್ನೆ ಬಂತು.

ಅಪ್ಪನಿಗೆ ತಿಳಿಯದ್ದು ಏನೂ ಇಲ್ಲ ಎಂದು ನಂಬಿದ್ದವಳು ನಾನು. ಆ ಸಂಜೆ ಹೊಲಕ್ಕೆ ಹೋದಾಗ ಅವನು ಬೆಂಕಿ ಹಚ್ಚುತ್ತಿದ್ದ.

"ಬಾ ಬಾ. ಇವತ್ತಿಂದು ಕೇಳ್ತಿಯೇನು?"

"ಬ್ಯಾಡ. ನಿನ್ನ ಲೆಕ್ಕ ತಪ್ಪು. ನಿನಗೇನೂ ಬರಂಗಿಲ್ಲ. ನಿನ್ನಿಂದ ಎಲ್ಲಾರೂ ನಕ್ಕರು."

ಅಪ್ಪ ಬೆಂಕಿ ಕೆದಕಿದ. "ಹೌದೇನವ್ವಾ? ಸಾರು ಓದಿದವ್ರು. ಅವ್ರು ಹೇಳಿದಂಗ ಮಾಡು," ಅಂದ. ಸುಟ್ಟ ಶೇಂಗಾ ಸುಲಿದು ನನ್ನ ಕೈಗೆ ಹಾಕಿದ. ಆಮೇಲೆ ಯಾವತ್ತೂ ಲೆಕ್ಕ ಕೇಳಲಿಲ್ಲ. ಉಂಡಿಯೇನು, ಬಸ್ಸು ಸಿಕ್ಕಿತೇನು ಎಂದಷ್ಟೇ ಕೇಳುತ್ತಿದ್ದ.

ಆದೋನಿಯಲ್ಲಿ ಕಾಲೇಜು ಓದುವಾಗ, ಒಂದು ಸಂಖ್ಯೆ ಅಂದುಕೊಂಡು ಆಮೇಲೆ ಸರಿಪಡಿಸಿಕೊಳ್ಳುವುದೂ ಬಹಳ ಹಳೆಯ, ಸರಿಯಾದ ವಿಧಾನವೇ ಎಂದು ಲೆಕ್ಚರರ್ ಒಬ್ಬರು ಹೇಳಿದರು. ಆ ವಾರವೇ ಊರಿಗೆ ಹೋಗಿ ಹೇಳಿದೆ.

"ಅಪ್ಪಾ, ನಿನ್ನ ದಾರಿನೂ ಸರಿ ಅಂತ. ಒಂದು ಲೆಕ್ಕ ಕೇಳು."

ಅಪ್ಪ ನಕ್ಕ. "ಒಂದು ಹಿಂಡೈತಿ..." ಎಂದು ಶುರು ಮಾಡಿದ. ಮುಂದೆ ಬಹಳ ಹೊತ್ತು ಯೋಚಿಸಿದ. "ಕುರಿ ಮಾರಿದ ಮ್ಯಾಲ ಬಾಯಿಗೆ ಬರವಲ್ದವ್ವಾ," ಅಂದ.

ಹೋದ ವರ್ಷ ಅಪ್ಪ ತೀರಿಕೊಂಡ. ಹೊಲದಲ್ಲಿ ಅವನು ಕೇಳಿದ ಲೆಕ್ಕಗಳು ನೂರಾದರೂ ಇದ್ದಾವು. ಒಂದನ್ನು ಇಲ್ಲಿ ಬರೆದಿದ್ದೇನೆ. ಉಳಿದವು ನನಗೆ ನೆನಪಿಲ್ಲ.